ನಮ್ಮ ರಕ್ತ ಮಾತ್ರ ಬೇಕಾ ನಿಮಗೆ?

ಆರು ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರು ಮಂಗಳಮುಖಿಯರಾದ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಎಚ್‌ಐವಿ ಟೆಸ್ಟ್, ಸಿಫಿಲಿಸ್ ಟೆಸ್ಟ್, ಕೈತುಂಬ ಕಾಂಡೋಮ್. ಬೇಡ ಅನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ "ರಾತ್ರಿ ನಿದ್ದೆ ಬರುತ್ತಾ? ಊಟ ಸೇರುತ್ತಾ?" ಅಂತ ಕೇಳಿದ್ದಾರಾ?

ಕಳೆದ ವಾರ ತಂಗಿಯನ್ನು ಕರೆದುಕೊಂಡು ಕುಮಟಾದಿಂದ ಕಾರವಾರದ ಆಸ್ಪತ್ರೆಗೆ ಹೋಗಿದ್ದೆ. ಒಡಹುಟ್ಟಿದವಳಲ್ಲ, ನಾವಿಬ್ಬರೂ ನಮ್ಮ ಸಮುದಾಯದ ಒಬ್ಬರೇ ಗುರುವಿನ ಚೇಲಾಗಳು, ಅಂದರೆ ಶಿಷ್ಯೆಯರು. ಒಂದು ತಿಂಗಳಿಂದ ಅವಳಿಗೆ ಮಾತಿಲ್ಲ. ಸಂಜೆಯಾದರೆ ಕುಡಿತ. ಮೊನ್ನೆ ಒಂದು ರಾತ್ರಿ "ಅಕ್ಕ, ಬೆಳಗಾಗೋದೇ ಬೇಡ ಅನ್ಸುತ್ತೆ" ಅಂದಳು. ನನಗೆ ಕೈಕಾಲು ಆಡಲಿಲ್ಲ. ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂತ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆವು.

ಚೀಟಿ ಮಾಡಿಸುವ ಕಡೆ ಅವಳ ಗುರುತಿನ ಚೀಟಿ ಕೊಟ್ಟೆ. ಜಿಲ್ಲಾಧಿಕಾರಿ ಕೊಟ್ಟಿದ್ದು. ಹೊಸ ಹೆಸರಿದೆ, ಫೋಟೊ ಇದೆ. ಕೌಂಟರಿನಲ್ಲಿದ್ದವನು ಕಂಪ್ಯೂಟರಿನಲ್ಲಿದ್ದ ಹಳೇ ಹೆಸರನ್ನೇ ಹಿಡಿದು, ಇಡೀ ಸಾಲಿಗೆ ಕೇಳುವ ಹಾಗೆ ಆ ಗಂಡು ಹೆಸರನ್ನು ಕೂಗಿದ. ಎರಡು ಸಲ. ಹಿಂದೆ ನಿಂತವರು ನಕ್ಕರು. ತಂಗಿ ಸೆರಗು ಮುಖಕ್ಕೆ ಎಳೆದುಕೊಂಡಳು. ಆ ಕಾಗದ ಮಾಡಿಸಲು ಎಷ್ಟು ಅಲೆದಿದ್ದೇವೆ ಅಂತ ಅವನಿಗೆ ಗೊತ್ತಾ?

ಒಳಗೆ ಹೋದರೆ ಮೊದಲ ಪ್ರಶ್ನೆಯೇ "ಎಚ್‌ಐವಿ ಟೆಸ್ಟ್ ಆಗಿದೆಯಾ?"

ಇವಳಿಗೆ ನಿದ್ದೆ ಇಲ್ಲ ಸಾರ್, ಸಾಯೋ ಮಾತಾಡ್ತಾಳೆ ಅಂದೆ. "ಮೊದಲು ಟೆಸ್ಟ್ ಮಾಡಿಸಿ, ಆಮೇಲೆ ನೋಡೋಣ." ಎರಡು ತಿಂಗಳ ಹಿಂದಿನ ನೆಗೆಟಿವ್ ರಿಪೋರ್ಟ್ ಕೈಯಲ್ಲೇ ಇತ್ತು. ಮುಟ್ಟಿಯೂ ನೋಡಲಿಲ್ಲ. ರಕ್ತ ಕೊಟ್ಟು ಬರುವಷ್ಟರಲ್ಲಿ ಒಪಿಡಿ, ಅಂದರೆ ಹೊರರೋಗಿಗಳನ್ನು ನೋಡುವ ಹೊತ್ತು, ಮುಗಿದಿತ್ತು. ನಾಳೆ ಬನ್ನಿ ಅಂದರು. ನಾಳೆ ಬೇಡ ಅನ್ನುವವಳನ್ನೇ ಅಲ್ವಾ ನಾನು ಕರೆದುಕೊಂಡು ಹೋಗಿದ್ದು!

ಒಪ್ಪಿಗೆ ಇಲ್ಲದೆ ಎಚ್‌ಐವಿ ಟೆಸ್ಟ್ ಮಾಡುವ ಹಾಗಿಲ್ಲ ಅಂತ 2017ರ ಕಾಯ್ದೆ ಹೇಳುತ್ತದೆ. ಟೆಸ್ಟ್ ಮಾಡಿಸದಿದ್ದರೆ ಡಾಕ್ಟರು ನೋಡುವುದಿಲ್ಲ ಅಂದ ಮೇಲೆ ಅದು ಎಂಥ ಒಪ್ಪಿಗೆ? ನಮಗಾಗಿಯೇ ಅಂತ ಮಾಡಿದ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯನ್ನೂ ಓದಿಸಿಕೊಂಡೆ. ಸರ್ಕಾರ ನಮ್ಮ ಆರೋಗ್ಯಕ್ಕೆ ಏನೇನು ಮಾಡಬೇಕು ಅನ್ನುವ ಪಟ್ಟಿಯಲ್ಲಿ ಮೊದಲು ಬರುವುದೇ ಎಚ್‌ಐವಿ ಕಣ್ಗಾವಲು ಕೇಂದ್ರ, ಅಂದರೆ ನಮ್ಮಲ್ಲಿ ಎಚ್‌ಐವಿ ಎಷ್ಟಿದೆ ಅಂತ ರಕ್ತ ಪರೀಕ್ಷಿಸಿ ನೋಡುವ ಜಾಗ. ಕೌನ್ಸೆಲಿಂಗ್ ಅನ್ನುವ ಮಾತು ಲಿಂಗ ಬದಲಾವಣೆಯ ಆಪರೇಷನ್, ಹಾರ್ಮೋನು ಬಂದಾಗ ಮಾತ್ರ. ಮನೆಯಿಂದ ಹೊರಗೆ ಹಾಕಿಸಿಕೊಂಡವಳಿಗೆ, ಬಾಡಿಗೆ ಮನೆ ಸಿಗದೆ ಅಲೆಯುವವಳಿಗೆ ಕೌನ್ಸೆಲಿಂಗ್ ಬೇಡವಾ?

ಎಚ್‌ಐವಿ, ಮನಸ್ಸು ಇವೆರಡು ಬೇರೆ ಬೇರೆ ಅಂತ ಯಾರು ಹೇಳಿದ್ದು? ಬದುಕೇ ಬೇಡ ಅನ್ನಿಸಿದವಳು ಗಿರಾಕಿ ಹತ್ತಿರ ಕಾಂಡೋಮ್‌ಗೆ ಹಟ ಹಿಡಿಯುತ್ತಾಳಾ? ಕುಡಿದಿದ್ದಾಗ ಹಿಡಿಯೋಕೆ ಆಗುತ್ತಾ? ಕಾಂಡೋಮ್ ಒಡೆದರೆ, ಯಾರಾದರೂ ಬಲವಂತ ಮಾಡಿದರೆ, ಎಚ್‌ಐವಿ ತಗುಲದಂತೆ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಆಮೇಲೆ 28 ದಿನ ಬಿಡದೆ ನುಂಗಬೇಕು. ಸಾಲಿನಲ್ಲಿ ಗಂಡು ಹೆಸರು ಕೂಗಿಸಿಕೊಂಡವಳು ಆ 72 ಗಂಟೆಯಲ್ಲಿ ಅದೇ ಕೌಂಟರಿಗೆ ಹೋಗುತ್ತಾಳೆ ಅಂತ ನಿಮಗೆ ಅನ್ನಿಸುತ್ತಾ? ಎಚ್‌ಐವಿ ಇದ್ದರೂ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ದಿನಾ ತಪ್ಪದೆ ತಗೊಂಡು ವೈರಸ್ ಪತ್ತೆಯಾಗದಷ್ಟು ಇಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಆದರೆ ದಿನಾ ಮಾತ್ರೆ ನುಂಗಲು ನಾಳೆ ಅನ್ನುವುದು ಒಂದು ಬೇಕು.

14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಫ್ರೀ ಅನ್ನುತ್ತಾರೆ. ಇದೆ, ನಾನೇ ಹಚ್ಚಿಕೊಟ್ಟೆ. ಆ ಕಡೆಯವರು ಚೆನ್ನಾಗಿ ಮಾತಾಡಿದರು, ಸುಳ್ಳು ಹೇಳಲ್ಲ. ಆದರೆ ಇವಳು ಎಲ್ಲಿ ಕೂತು ಮಾತಾಡಬೇಕು? ನಾಲ್ಕು ಜನ ಇರುವ ಒಂದೇ ಕೋಣೆ. ಅಳುತ್ತ ಮಾತಾಡಲು ಕಡಲತಡಿಗೆ ಹೋದಳು. ಅಲ್ಲಿಂದ ಪೊಲೀಸರು ಓಡಿಸಿದರು.

ನಿನ್ನೆ ಕಾರವಾರದಿಂದ ಫೋನ್ ಬಂತು. ರಿಪೋರ್ಟ್ ನೆಗೆಟಿವ್, ಆರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಲು ಬನ್ನಿ ಅಂದರು. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಹೋಗೋಣ ಕಣೇ ಅನ್ನಲು ನನಗೆ ಬಾಯಿ ಬರಲಿಲ್ಲ.