ತಂತಿ ಕಂಡರಾಗದ ಗೋಧಿ ರೈತ

ಅಮೆರಿಕದ ವಿಮಾನ ತಯಾರಕ ಕ್ಲೈಡ್ ಸೆಸ್ನಾ ಹೆಸರು ಬಂದ ಕೂಡಲೇ ಎಲ್ಲರೂ ಹಾಡುವುದು ಒಂದೇ ರಾಗ: ಹದಿಮೂರು ಸಲ ವಿಮಾನ ಕೆಡವಿಕೊಂಡ, ಛಲ ಬಿಡಲಿಲ್ಲ, ಕೊನೆಗೆ ದೊಡ್ಡ ಕಂಪನಿ ಕಟ್ಟಿದ. ಛಲ ಇತ್ತು, ಒಪ್ಪೋಣ. ಆದರೆ 1911ರ ಸುಮಾರಿಗೆ ಅಷ್ಟೇ ಛಲ ಇದ್ದ ಎಷ್ಟೋ ಜನ ಕತ್ತು ಮುರಿದುಕೊಂಡು ಸತ್ತರು. ಈತನನ್ನು ಉಳಿಸಿದ್ದು ಒಕ್ಕಣೆ ಯಂತ್ರ ರಿಪೇರಿ ಮಾಡಿ ಪಳಗಿದ ಕೈ ಮತ್ತು ಗೋಧಿ ಬೆಳೆಯ ದುಡ್ಡು ಅನ್ನುವುದು ನನ್ನ ವಾದ.

ಹುಟ್ಟಿದ್ದು 1879ರಲ್ಲಿ, ಅಯೋವಾದಲ್ಲಿ. ಮಗುವಾಗಿದ್ದಾಗಲೇ ಮನೆಯವರು ಕನ್ಸಾಸಿನ ಕಿಂಗ್‌ಮನ್ ಕೌಂಟಿಯ ರೇಗೋ ಹತ್ತಿರ ಬಂದು ನೆಲೆಸಿದರು. ಓದು ಐದನೇ ತರಗತಿಯ ಆಚೆ ಹೋಗಲಿಲ್ಲ. ಅಕ್ಕಪಕ್ಕದವರ ಯಂತ್ರ ಕೆಟ್ಟರೆ ಈತನಿಗೇ ಕರೆ. ಮುಂದೆ ಓಕ್ಲಹೋಮಾದ ಈನಿಡ್‌ನಲ್ಲಿ ಕಾರು ಮಾರಿದ. ಆ ಕಡೆಯ ಗೋಧಿಯ ಲೆಕ್ಕ ಗೊತ್ತಿದ್ದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತನೆ, ಚಳಿಗಾಲವೆಲ್ಲ ಪೈರು ನೆಲಕ್ಕಂಟಿ ಮಲಗಿರುತ್ತದೆ, ಜೂನ್ ನಡುವಿನಿಂದ ಕಟಾವು, ಆಮೇಲೆ ಒಕ್ಕಣೆ. ಅಂದರೆ ಯಂತ್ರ ಬಲ್ಲ ರೈತನಿಗೆ ನವೆಂಬರಿನಿಂದ ಮಾರ್ಚ್‌ವರೆಗೆ ಕೈ ಬಿಡುವು. ಸೆಸ್ನಾ ವಿಮಾನಗಳು ಹುಟ್ಟಿದ್ದು ಆ ಬಿಡುವಿನಲ್ಲಿ.

1911ರ ಆರಂಭದಲ್ಲಿ ಓಕ್ಲಹೋಮಾ ಸಿಟಿಯಲ್ಲಿ ಮೊಯ್ಸಾಂಟ್ ತಂಡದ ವಿಮಾನ ಪ್ರದರ್ಶನ ನೋಡಿದ. ಅಲ್ಲಿಂದ ನ್ಯೂಯಾರ್ಕಿನ ಕ್ವೀನ್ ಏರೋಪ್ಲೇನ್ ಕಂಪನಿಗೆ ಹೋಗಿ, ಕೆಲವು ವಾರ ಅಲ್ಲಿದ್ದು ಕೆಲಸ ನೋಡಿಕೊಂಡು, ಬ್ಲೇರಿಯೋ ಮಾದರಿಯ ಒಂಟಿ ರೆಕ್ಕೆಯ ವಿಮಾನ ಕೊಂಡು ತಂದ. ಫ್ರಾನ್ಸಿನ ಲೂಯಿ ಬ್ಲೇರಿಯೋ 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ್ದು ಇದೇ ವಿನ್ಯಾಸದಲ್ಲಿ. ಮರದ ಚೌಕಟ್ಟು, ಅದಕ್ಕೆ ಅಡ್ಡಡ್ಡ ತಂತಿ, ಸುಮಾರು ಎಂಟು ಮೀಟರ್ ಅಗಲದ ಬಟ್ಟೆ ಹೊದಿಸಿದ ರೆಕ್ಕೆ. ರೆಕ್ಕೆ ತನ್ನ ಬಲದಿಂದ ನಿಲ್ಲುವುದಿಲ್ಲ. ಮೇಲೊಂದು ಕೆಳಗೊಂದು ಗೂಟದಿಂದ ಎಳೆದು ಕಟ್ಟಿದ ತಂತಿಗಳೇ ಅದನ್ನು ಹಿಡಿದಿರಬೇಕು. ತಂತಿ ಬಿಗಿಯುವ ತಿರುಪು, ಅಂದರೆ ಟರ್ನ್‌ಬಕಲ್, ಒಂದು ಸಡಿಲವಾದರೆ ರೆಕ್ಕೆಯ ಕೋನ ಬದಲಾಯಿತು, ವಿಮಾನ ಒಂದು ಕಡೆ ವಾಲತೊಡಗಿತು. ಪ್ರತಿ ಇಳಿತದ ಗುದ್ದಿಗೂ ತಂತಿ ಹಿಗ್ಗುತ್ತದೆ, ಹಾಗಾಗಿ ಪ್ರತಿ ಹಾರಾಟಕ್ಕೂ ಮುನ್ನ ಒಂದೊಂದನ್ನೂ ಬೆರಳಿನಿಂದ ಮೀಟಿ ಬಿಗಿ ನೋಡಬೇಕು.

ಓಕ್ಲಹೋಮಾದ ಗ್ರೇಟ್ ಸಾಲ್ಟ್ ಪ್ಲೇನ್ಸ್ ಎಂಬ ಉಪ್ಪು ಬಯಲಿನಲ್ಲಿ ಅಭ್ಯಾಸ. ಮರವಿಲ್ಲ, ಬೇಲಿಯಿಲ್ಲ, ಕಣ್ಣು ಹಾಯುವಷ್ಟು ಚಪ್ಪಟೆ. ಜಾಗವೇನೋ ಒಳ್ಳೆಯದು, ಆದರೆ ಹೇಳಿಕೊಡುವವರಿಲ್ಲ, ವಿಮಾನದಲ್ಲಿ ಇರುವುದೂ ಒಂದೇ ಸೀಟು. ನೇರ ಓಡಿ, ಸ್ವಲ್ಪ ಎದ್ದು, ನೇರ ಇಳಿಯುವುದು ಬೇಗ ಕೈವಶವಾಗುತ್ತದೆ. ಪ್ರಾಣಕ್ಕೆ ಬರುವುದು ತಿರುವು. ಇದರಲ್ಲಿ ಈಗಿನಂತೆ ಐಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ-ಕೆಳಗೆ ಆಡುವ ಪಟ್ಟಿ) ಇಲ್ಲ, ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಬೇಕು. ಮೇಲೇಳಬೇಕಾದ ರೆಕ್ಕೆಯ ಹಿಂಬದಿ ಕೆಳಗೆ ತಿರುಚಿಕೊಂಡಾಗ ಎತ್ತುವ ಬಲದ ಜೊತೆಗೆ ಗಾಳಿಯ ಎಳೆತವೂ ಹೆಚ್ಚಿ, ಮೂತಿ ತಿರುಗಬೇಕಾದ ದಿಕ್ಕಿಗೆ ಎದುರಾಗಿ ಹೊರಳುತ್ತದೆ. ಬಾಲದ ಚುಕ್ಕಾಣಿ, ಅಂದರೆ ರಡ್ಡರ್, ಸರಿಯಾಗಿ ಕೊಡದಿದ್ದರೆ ಅಡ್ಡಡ್ಡ ಜಾರುತ್ತದೆ. ಸಾಲದ್ದಕ್ಕೆ ವಾಲಿದಷ್ಟೂ ರೆಕ್ಕೆ ಕೈಕೊಡುವ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದು) ಏರುತ್ತದೆ: 30 ಡಿಗ್ರಿ ವಾಲಿದರೆ ಶೇ. 7, 45 ಡಿಗ್ರಿಗೆ ಶೇ. 19. ಆ ಕಾಲದ ಇಂಜಿನ್‌ಗಳಲ್ಲಿ ಪೂರ್ತಿ ವೇಗಕ್ಕೂ ಕೈಕೊಡುವ ವೇಗಕ್ಕೂ ನಡುವಿನ ಅಂತರವೇ ಕಡಿಮೆ, ಅದರಲ್ಲಿ ಶೇ. 19 ಕಳೆದರೆ ಉಳಿಯುವುದೇನು? ಒಳಬದಿಯ ರೆಕ್ಕೆ ಮೊದಲು ಸೋಲುತ್ತದೆ. ಅರವತ್ತು ಅಡಿ ಎತ್ತರದಲ್ಲಿ ಹಾಗಾದರೆ ಸರಿಪಡಿಸಿಕೊಳ್ಳಲು ಜಾಗವೇ ಇಲ್ಲ.

ಇಂಜಿನ್ನಿನ ಕಥೆ ಬೇರೆ. ಎಲ್‌ಬ್ರಿಡ್ಜ್ ಕಂಪನಿಯದು, ನಾಲ್ಕು ಸಿಲಿಂಡರ್, ಟೂ-ಸ್ಟ್ರೋಕ್, ನೀರಿನಿಂದ ತಣಿಯುವಂಥದು. ಮೂಲತಃ ದೋಣಿಗೆಂದು ಬೆಳೆದ ತಳಿ. ದೋಣಿಯಲ್ಲಿ ತಣ್ಣೀರಿಗೆ ಬರವಿಲ್ಲ, ವಿಮಾನದಲ್ಲಿ ಹೊತ್ತೊಯ್ದ ರೇಡಿಯೇಟರ್ ನೀರೇ ಗತಿ. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಒಂದು ಉರಿ, ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚುತ್ತದೆ, ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ತೆಳುವಾದ ಬಿಸಿ ಗಾಳಿಯಲ್ಲಿ ಇಂಜಿನ್‌ಗೂ ಬಲ ಕಡಿಮೆ, ಪ್ರೊಪೆಲ್ಲರ್‌ಗೂ ಹಿಡಿತ ಕಡಿಮೆ, ರೆಕ್ಕೆಗೂ ಅಷ್ಟೇ. ಅದಕ್ಕೇ ಆಗಿನ ಹಾರಾಟಗಾರರು ಗಾಳಿ ಮಲಗಿದ ಮುಂಜಾವು ಇಲ್ಲವೇ ಸಂಜೆಗೆ ಕಾಯುತ್ತಿದ್ದರು.

ಅದೇ 1911ರ ಸೆಪ್ಟೆಂಬರಿನಲ್ಲಿ ಬಿದ್ದು ಆಸ್ಪತ್ರೆ ಸೇರಿದವನು ಡಿಸೆಂಬರಿನಲ್ಲಿ ಐದು ಮೈಲಿ ಹಾರಿ, ತಿರುವು ತೆಗೆದುಕೊಂಡು, ಹೊರಟ ಜಾಗಕ್ಕೇ ಬಂದಿಳಿದ. ಪ್ರತಿ ಸಲವೂ ಮುರಿದದ್ದನ್ನು ಬಿಚ್ಚಿ, ಹೊಸ ಮರ ಜೋಡಿಸಿ, ಬಟ್ಟೆ ಹೊದಿಸಿ ಮತ್ತೆ ಕಟ್ಟಿದ್ದು ತಾನೇ. ಬಾಡಿಗೆ ಮೆಕ್ಯಾನಿಕ್ಕಿನ ಮೇಲೆ ನಿಂತಿದ್ದರೆ ಮೂರನೇ ಸಲಕ್ಕೇ ಮನೆ ಮಾರಬೇಕಿತ್ತು.

ಆಮೇಲೆ ಚಳಿಗಾಲದಲ್ಲಿ ಕಟ್ಟುವುದು, ಕಟಾವಿನ ನಂತರ ಕೌಂಟಿ ಜಾತ್ರೆಗಳಲ್ಲಿ ಹಾರಿಸಿ ದುಡ್ಡು ಮಾಡುವುದು. ಎಲ್‌ಬ್ರಿಡ್ಜ್ ಹೋಗಿ, ಗಾಳಿಯಿಂದಲೇ ತಣಿಯುವ ಆರು ಸಿಲಿಂಡರಿನ ಆಂಜಾನಿ ಬಂತು. ನೀರು, ರೇಡಿಯೇಟರ್, ಕೊಳವೆ ಎಲ್ಲದರ ಭಾರ ಒಂದೇ ಏಟಿಗೆ ಇಳಿಯಿತು. 1916ರಲ್ಲಿ ವಿಚಿಟಾದ ಜೋನ್ಸ್ ಕಾರು ಕಂಪನಿ ಜಾಗ ಕೊಟ್ಟಿತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು, ಪ್ರದರ್ಶನಗಳು ನಿಂತವು. ಕ್ಲೈಡ್ ತಕರಾರಿಲ್ಲದೆ ಊರಿಗೆ ಬಂದು ಗೋಧಿ ಬೆಳೆದ, ಒಕ್ಕಣೆ ಯಂತ್ರ ನಡೆಸಿದ. ಸ್ಫೂರ್ತಿ ಬರಹಗಾರರು ಈ ಏಳೆಂಟು ವರ್ಷ ಹಾರಿಸಿಬಿಡುತ್ತಾರೆ. 1925ರಲ್ಲಿ ವಾಲ್ಟರ್ ಬೀಚ್, ಲಾಯ್ಡ್ ಸ್ಟಿಯರ್‌ಮನ್ ಜೊತೆ ಟ್ರಾವೆಲ್ ಏರ್ ಎಂಬ ವಿಮಾನ ಕಂಪನಿಯಲ್ಲಿ ಪಾಲುದಾರನಾದವನ ಬೆನ್ನಿಗಿದ್ದದ್ದು ಹೊಲ.

ಜಗಳ ಬಂದದ್ದು ರೆಕ್ಕೆಗೆ. ಉಳಿದವರಿಗೆ ಜೋಡಿ ರೆಕ್ಕೆ ಬೇಕು, ಈತನಿಗೆ ಒಂಟಿ ರೆಕ್ಕೆಯೇ ಬೇಕು, ಅದೂ ತಂತಿ, ಆಸರೆ ಕಂಬ ಏನೂ ಇಲ್ಲದ್ದು. ವರ್ಷಗಟ್ಟಲೆ ತಂತಿ ಬಿಗಿದವನ ಬೇಸರ ಅದರಲ್ಲಿತ್ತು ಅಂದರೆ ತಪ್ಪಾಗಲಾರದು. ಲೆಕ್ಕವೂ ಅವನ ಕಡೆಗೇ ಇತ್ತು: ದುಂಡನೆಯ ತಂತಿ ಅದೇ ದಪ್ಪದ ಹನಿಯಾಕಾರದ ವಸ್ತುವಿಗಿಂತ ಹಲವು ಪಟ್ಟು ಹೆಚ್ಚು ಗಾಳಿ ತಡೆಯುತ್ತದೆ. ತಂತಿ ತೆಗೆದರೆ ಬಾಗಿಸುವ ಬಲವೆಲ್ಲ ರೆಕ್ಕೆಯ ಬುಡಕ್ಕೆ ಬಂದು ಕೂರುತ್ತದೆ, ಅದಕ್ಕೆ ಬುಡದಲ್ಲಿ ದಪ್ಪ, ತುದಿಗೆ ತೆಳು, ಒಳಗೆ ಗಟ್ಟಿ ತೊಲೆ. 1927ರಲ್ಲಿ ಪಾಲು ಬಿಟ್ಟು ಸ್ವಂತ ಕಂಪನಿ ಶುರುಮಾಡಿ ಇದನ್ನೇ ಕಟ್ಟಿದ. ಆರ್ಥಿಕ ಮುಗ್ಗಟ್ಟಿಗೆ 1931ರಲ್ಲಿ ಕಾರ್ಖಾನೆ ಮುಚ್ಚಿತು. 1934ರಲ್ಲಿ ಬಂಧುಗಳಾದ ವಾಲೇಸ್ ಸೋದರರು ಮತ್ತೆ ತೆರೆದರು. ಡ್ವೇನ್ ವಾಲೇಸ್ ರೂಪಿಸಿದ ಸಿ-34 ವಿಮಾನಕ್ಕೆ 145 ಕುದುರೆಬಲದ ವಾರ್ನರ್ ಇಂಜಿನ್, ರೆಕ್ಕೆಗೆ ಆಸರೆಯೇ ಇಲ್ಲ. 1936ರಲ್ಲಿ ಕ್ಲೈಡ್ ತನ್ನ ಪಾಲು ಮಾರಿ ರೇಗೋದ ಹೊಲಕ್ಕೆ ಮರಳಿದ. ಸತ್ತದ್ದು 1954ರ ನವೆಂಬರಿನಲ್ಲಿ.

ಮರುವರ್ಷ ಹಾರಿದ ಸೆಸ್ನಾ 172, ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿರುವ ವಿಮಾನ. ನಮ್ಮ ಜಕ್ಕೂರು ವಿಮಾನ ತರಬೇತಿ ಶಾಲೆಯಲ್ಲಿ ಕಲಿತವರಿಗೂ ಪರಿಚಿತ. ಅದರ ರೆಕ್ಕೆಯ ಕೆಳಗೆ ನೋಡಿ: ಒಡಲಿನಿಂದ ರೆಕ್ಕೆಯ ನಡುವಿಗೆ ದಪ್ಪನೆಯ ಆಸರೆ ಕಂಬ! ಕಂಬವಿದ್ದರೆ ಒಳತೊಲೆ ಹಗುರ, ತಯಾರಿ ಅಗ್ಗ. ನನ್ನ ಲೆಕ್ಕದಲ್ಲಿ ಕಂಪನಿಯದೇ ಸರಿ. ಸ್ವಲ್ಪ ವೇಗ ಕಳೆದುಕೊಂಡರೂ ರೈತನ ಕೈಗೆಟುಕುವ ಬೆಲೆ ಮುಖ್ಯ. ಒಡಲಿನ ಮೇಲೆ ಕೂರುವ ಒಂಟಿ ರೆಕ್ಕೆಯನ್ನಂತೂ ಉಳಿಸಿಕೊಂಡರು. ಕೆಳಗಿನ ಬೆಳೆ ಅಡ್ಡವಿಲ್ಲದೆ ಕಾಣುತ್ತದೆ, ಕಾರ್ಬ್ಯುರೇಟರ್ ಇರುವ ಹಳೆಯ 172ರಲ್ಲಿ ಪೆಟ್ರೋಲ್ ಪಂಪಿಲ್ಲದೆ ತಾನಾಗಿ ಇಳಿದು ಬರುತ್ತದೆ. ನೀರೂ ಹಾಗೇ ಇಳಿದು ತಳ ಸೇರುತ್ತದೆ ಅನ್ನುವುದನ್ನು ಮರೆಯಬಾರದು. ಅರ್ಧ ಖಾಲಿ ಟ್ಯಾಂಕನ್ನು ರಾತ್ರಿಯಿಡೀ ಬಿಟ್ಟರೆ ಒಳಗೆ ತೇವ ಕಟ್ಟುತ್ತದೆ, ಆದ್ದರಿಂದ ಇಳಿದ ಕೂಡಲೇ ತುಂಬಿಸಿಡಿ. ಬೆಳಗ್ಗೆ ತಳದಿಂದ ಸ್ವಲ್ಪ ಗಾಜಿನ ಲೋಟಕ್ಕೆ ಹಿಡಿದು ಬಣ್ಣ ನೋಡಿ. ವಿಮಾನದ 100ಎಲ್‌ಎಲ್ ಪೆಟ್ರೋಲ್ ನಸುನೀಲಿ. ಲೋಟದಲ್ಲಿ ನೀರು-ಪೆಟ್ರೋಲಿನ ನಡುವಿನ ಗೆರೆ ಕಾಣದೆ ಎಲ್ಲವೂ ಬಣ್ಣವಿಲ್ಲದೆ ತಿಳಿಯಾಗಿದ್ದರೆ ಶುದ್ಧವಾಗಿದೆ ಎಂದು ಖುಷಿಪಡಬೇಡಿ, ಹಿಡಿದದ್ದು ಪೂರ್ತಿ ನೀರೇ ಇದ್ದೀತು.