ಮಾಷ್ಟ್ರು ಅಳೆದ ಮೆಟ್ಟಿಲು

ಅಂಬಲಪಾಡಿಯ ನಮ್ಮ ಹೆಂಚಿನ ಮನೆಯಲ್ಲಿ ಉಪ್ಪರಿಗೆಗೆ ಹತ್ತಲು 13 ಮೆಟ್ಟಿಲುಗಳ ಮರದ ಏಣಿಯೊಂದಿದೆ. ಅಜ್ಜನ ಕಾಲದ ಈ ಏಣಿಯ ನಾಲ್ಕು, ಐದು ಮತ್ತು ಆರನೆಯ ಹಲಗೆಗಳನ್ನು ಒರಲೆ ಒಳಗಿನಿಂದಲೇ ತಿಂದು ಮುಗಿಸಿ, ಮೇಲಿನ ಹೊಳಪನ್ನು ಮಾತ್ರ ಮರ್ಯಾದೆಗೆಂದು ಉಳಿಸಿತ್ತು. ಇದು ನನಗೆ ತಿಳಿದದ್ದು ಮಾವಿನಮಿಡಿಯ ಭರಣಿಯನ್ನು ಕೆಳಗಿಳಿಸುವಾಗ ಐದನೆಯ ಹಲಗೆ ನನ್ನ ಬಲಗಾಲನ್ನು ಮೊಣಕಾಲಿನವರೆಗೆ ನುಂಗಿದ ಮೇಲೆ. ಭರಣಿಗೆ ಏನೂ ಆಗಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ ನನ್ನ ಹೆಂಡತಿ ಕಾಲಿನ ಕುರಿತು ವಿಚಾರಿಸಿದಳು.

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸಿದ ಪತ್ತನಾಜೆಯ ದಿನದೊಳಗೆ ಹೊಸ ಹಲಗೆ ಕೂರಬೇಕೆಂದು ನಿಶ್ಚಯವಾಯಿತು. ಆಚಾರಿ ಫೋನಿನಲ್ಲಿ, "ಎರಡು ದಿನ ತಡೀರಿ ಮಾಷ್ಟ್ರೇ, ನಾನೇ ಬಂದು ಅಳತೆ ತೆಗೀತೇನೆ" ಎಂದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನ ಮನೆಯ ಮೂರು ಹಲಗೆಗಳನ್ನು ಇನ್ನೊಬ್ಬರು ಅಳೆಯುವುದೆಂದರೆ ಏನರ್ಥ? ನಾನು ಪೇಟೆಗೆ ಹೋಗಿ ಹೊಸ ಉಕ್ಕಿನ ಟೇಪು ತಂದೆ.

ಮನೆಗೆ ಬಂದು ನೋಡಿದರೆ ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತಿತ್ತು. ಬದಲಾಯಿಸಿ ಕೊಡಿರೆಂದು ಅದೇ ಬಸ್ಸಿನಲ್ಲಿ ಹಿಂದಿರುಗಿದಾಗ, ಅಂಗಡಿಯ ಹುಡುಗ ಸಮಾಧಾನದಿಂದ ವಿವರಿಸಿದ: ಕೊಕ್ಕೆ ಎಷ್ಟು ದಪ್ಪವಿದೆಯೋ ಅಷ್ಟೇ ಅಲುಗಾಡುವಂತೆ ಬೇಕೆಂದೇ ಮಾಡಿರುತ್ತಾರೆ, ಗೋಡೆಗೆ ಒತ್ತಿ ಅಳೆದರೆ ಅದು ಒಳಸರಿಯುತ್ತದೆ, ಅಂಚಿಗೆ ಸಿಕ್ಕಿಸಿ ಎಳೆದರೆ ಹೊರಸರಿಯುತ್ತದೆ, ಹೀಗೆ ಎರಡೂ ಕಡೆ ಲೆಕ್ಕ ಸರಿಯಾಗುತ್ತದೆ. ಸುಮಾರು ಒಂದು ಮಿಲ್ಲಿಮೀಟರಿನ ಈ ಸೂಕ್ಷ್ಮವನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೆ ಅದನ್ನು ಎರಡು ಸಲ ಹೇಳಿದೆ. ಎರಡನೆಯ ಸಲ ಆಕೆ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಮಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅಳಿಯನೂ ಫೋನಿನಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದ. ಹಲಗೆಯ ದಪ್ಪ ಬದಲಾದರೆ ಆ ಮೆಟ್ಟಿಲು ಎತ್ತರವಾಗಿ ಅದರ ಮೇಲಿನದು ಗಿಡ್ಡವಾಗುತ್ತದೆ, ಕಾಲು ಹಳೆಯ ಲೆಕ್ಕದಲ್ಲಿಯೇ ನಡೆದು ಎಡವುತ್ತದೆ ಎಂದ. ಹಾಗೆಯೇ, ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲು 190 ಮಿ.ಮೀ.ಗಿಂತ ಎತ್ತರವಿರಬಾರದೆಂದೂ ಹೇಳಿದ. ನಮ್ಮದು 235 ಇದೆ. ಅಜ್ಜ ಎತ್ತರದ ಆಳು. ಸಂಹಿತೆ ಬರುವ ತನಕ ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ.

ನಾನು ದಪ್ಪ, ಅಗಲ, ಉದ್ದ ಎಲ್ಲವನ್ನೂ ಮೂರು ಮೂರು ಸಲ ಅಳೆದೆ. ಏಣಿಯ ಎಡದ ಹಲಗೆಯಿಂದ ಬಲದ ಹಲಗೆಗೆ ಸರಿಯಾಗಿ 812 ಮಿ.ಮೀ. ಚೀಟಿ ಹಿಡಿದು ಮರದ ಮಿಲ್ಲಿಗೆ ಹೋದರೆ ಅಲ್ಲಿಯ ಮೇಸ್ತ್ರಿ ಅದನ್ನು ನೋಡಿ 32 ಇಂಚು ಎಂದು ಬರೆದುಕೊಂಡರು. ಮೆಟ್ರಿಕ್ ಅಳತೆಯ ಕಾಯಿದೆ 1956ರಲ್ಲಿಯೇ ಬಂದಿದ್ದರೂ ನಮ್ಮ ಮರದ ವ್ಯವಹಾರ ಇನ್ನೂ ಅಡಿ, ಇಂಚು ಮತ್ತು ಇಂಚಿನ ಎಂಟನೆಯ ಒಂದು ಪಾಲಾದ ನೂಲುಗಳಲ್ಲಿಯೇ ಸುಖವಾಗಿದೆ. 32 ಇಂಚೆಂದರೆ 812.8 ಆಗುತ್ತದೆ, ನನಗೆ 812 ಮಾತ್ರ ಸಾಕು ಎಂದು ನಾನು ಪಟ್ಟು ಹಿಡಿದೆ.

"ಕಾಲು ನೂಲಿಗೆ ಜಗಳವಾ ಮಾಷ್ಟ್ರೇ? ನಮ್ಮ ಗರಗಸವೇ ಅದಕ್ಕಿಂತ ದಪ್ಪ ಉಂಟು."

ನಾನು ಅಲ್ಲಿಯೇ ನಿಂತು, ನನ್ನ ಟೇಪಿನಿಂದಲೇ ಗುರುತು ಹಾಕಿಸಿ, ಹಲಸಿನ ಮೂರು ಹಲಗೆಗಳನ್ನು ಕೊಯ್ಯಿಸಿಕೊಂಡು ಬಂದೆ.

ಮರುದಿನ ಆಚಾರಿ ಬಂದು ಹಳೆಯ ಹಲಗೆಗಳನ್ನು ಕಿತ್ತರು. ಹೊಸದೊಂದನ್ನು ಎತ್ತಿ ಏಣಿಯ ನಡುವೆ ಹಿಡಿದೆ. ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಎರಡೂ ಬದಿಯನ್ನು ನವಿರಾಗಿ ಸವರಿಕೊಂಡು, ಎಲ್ಲಿಯೂ ತಡೆಯದೆ, ಅದು ನೇರವಾಗಿ ಏಣಿಯಡಿಯ ತೆಂಗಿನಕಾಯಿ ರಾಶಿಯ ಮೇಲೆ ಬಿತ್ತು.

ಆಚಾರಿ ಏಣಿಯ ಬದಿಗೆ ಟಾರ್ಚು ಹಿಡಿದು ತೋರಿಸಿದರು. ಎರಡೂ ಪಕ್ಕದ ಹಲಗೆಗಳಲ್ಲಿ ಅರ್ಧರ್ಧ ಇಂಚು ಆಳದ ಕಚ್ಚು ಕೊರೆದಿತ್ತು. ಮೆಟ್ಟಿಲ ಹಲಗೆಯ ತುದಿ ಅದರೊಳಗೆ ಹೊಕ್ಕು ಕೂರುತ್ತದಂತೆ, ಹಿಂದಿನಿಂದ ತಳ್ಳಿ ಅಡಿಗೆ ಬೆಣೆ ಬಡಿಯುತ್ತಾರಂತೆ. ಮುಕ್ಕಾಲು ಮಿಲ್ಲಿಮೀಟರಿಗೆ ಜಗಳವಾಡಿ ಬಂದವನಿಗೆ ಒಂದು ಇಂಚು ಕಡಿಮೆ ಬಿದ್ದಿತ್ತು.

"ನೀವು ಅಳೆದದ್ದು ಕಾಣುವ ಹಲಗೆ ಮಾಷ್ಟ್ರೇ. ಕೂರುವ ಹಲಗೆ ಬೇರೆ ಉಂಟಲ್ಲ."

ಹಾಗಾದರೆ ಕಿತ್ತ ಹಲಗೆಯನ್ನೇ ಅಳೆದರಾಯಿತೆಂದು ನಾನು ಟೇಪು ಬಿಚ್ಚಿದೆ. ಅದರ ತುದಿಗಳನ್ನು ಒರಲೆ ಮೊದಲೇ ಅಳೆದು ಮುಗಿಸಿತ್ತು. ಆಚಾರಿ ಅಡಕೆಯ ಎರಡು ತೆಳು ಸಲಾಕೆಗಳನ್ನು ಒಂದರ ಮೇಲೊಂದು ಜೋಡಿಸಿ ಹಿಡಿದು, ಒಂದನ್ನು ಎಡದ ಕಚ್ಚಿನ ತಳಕ್ಕೂ ಇನ್ನೊಂದನ್ನು ಬಲದ ಕಚ್ಚಿನ ತಳಕ್ಕೂ ಸರಿಸಿ, ಅವು ಕೂಡುವಲ್ಲಿ ಪೆನ್ಸಿಲಿನ ಒಂದು ಗೆರೆ ಎಳೆದರು. ಸಂಖ್ಯೆಯೇ ಇಲ್ಲದ ಈ ಅಳತೆಯನ್ನು ನೋಡಿ ನನಗೆ ಸಂಕಟವಾಯಿತು.

"ಎಷ್ಟು ಬಂತು ಆಚಾರ್ರೇ?"

"ಇಷ್ಟು" ಎಂದು ಅವರು ಸಲಾಕೆಗಳನ್ನು ಎತ್ತಿ ತೋರಿಸಿದರು.

ಅವರು ಚಹಾ ಕುಡಿಯುವಾಗ ನಾನು ಗುಟ್ಟಾಗಿ ಟೇಪು ಹಿಡಿದು ನೋಡಿದೆ, 838 ಮಿ.ಮೀ. ಇತ್ತು. ಸಂಜೆ ಇಬ್ಬರೂ ಮಿಲ್ಲಿಗೆ ಹೋದೆವು. ಮೇಸ್ತ್ರಿ ನನ್ನ ಮುಖವನ್ನೊಮ್ಮೆ ನೋಡಿ, ಸಲಾಕೆಗೆ ತಮ್ಮ ಟೇಪು ಇಟ್ಟು, 33 ಇಂಚು ಎಂದು ಬರೆದುಕೊಂಡರು. 33 ಇಂಚೆಂದರೆ 838.2 ಆಗುತ್ತದೆ. ನಾನು ಹೊರಗೆ ನಿಂತು ಮಳೆಮೋಡ ನೋಡುತ್ತಿದ್ದೆ.