ಎತ್ತಿನ ಹಲ್ಲ ನೋಡೋರು ಸರ್ವರಿನ ವಯಸ್ಸ ಯಾಕ ನೋಡಂಗಿಲ್ಲ?

ನಿನ್ನಿ ಸಂಜಿಮುಂದ ಬೆಳಗಾವಿ ಉದ್ಯಮಬಾಗದಾಗ ಗುರ್ತಿನವರ ಫೌಂಡ್ರಿಗೆ ಹೋಗಿದ್ದೆ. ಮನಿಗೆ ಬಂದು ಊಟ ಆದ್ರೂ ಸಿಟ್ಟು ಇಳಿದಿಲ್ಲ, ಅದಕ್ಕ ಬರೀಲಿಕತ್ತೀನಿ.

"ಮೂರು ದಿನ ಆತ್ರಿ, ಪುಣೆದವ್ರಿಗೆ ನಮ್ಮ ಕೊಟೇಶನ್ ಮುಟ್ಟವಲ್ದು" ಅಂತ ಮಾಲಕರು ಫೋನ್ ಮಾಡಿದ್ರು. ಅವರ ಈ-ಮೇಲ್ ನಡಸೂ ಕಂಪ್ಯೂಟರ್, ಅಂದ್ರ ಮೇಲ್ ಸರ್ವರ್, ಅಕೌಂಟ್ಸ್ ರೂಮಿನ ಮೂಲ್ಯಾಗ, ಟೇಬಲ್ ಕೆಳಗ. ಕ್ಯಾಬಿನೆಟ್ ಬಿಚ್ಚಿದ್ರ ಫ್ಯಾನಿನ ರೆಕ್ಕಿ ತುಂಬ ಮೋಲ್ಡಿಂಗ್ ಉಸುಕಿನ ಕರಿ ಧೂಳು, ಬಟ್ಟಿಲೆ ಒರಸಿದ್ರ ಬಟ್ಟಿನ ಕರಿ ಆತು. ಯಾರದೋ ಪಾಸ್‌ವರ್ಡ್ ಕದ್ದು ಯಾರೋ ರಾತ್ರಿಯಿಡೀ ಸ್ಪ್ಯಾಮ್ ಕಳಿಸ್ಯಾರ, ಸರ್ವರಿನ ಐಪಿ ವಿಳಾಸ ಬ್ಲಾಕ್‌ಲಿಸ್ಟ್ ಸೇರೇತಿ, ಅದಕ್ಕ ಮೇಲ್ ಮುಟ್ಟವಲ್ದು. ಅದು ಎಲ್ಲಾ ಕಡೆ ಆಗೂದ, ಸರಿಮಾಡಬಹುದು. ನನಗ ಎದಿ ಧಸಕ್ಕಂದದ್ದು ಓಎಸ್ (ಆಪರೇಟಿಂಗ್ ಸಿಸ್ಟಮ್) ನೋಡಿ. ಸೆಂಟ್‌ಓಎಸ್ 7 ಅನ್ನೂ ಹಳೇ ಲಿನಕ್ಸ್! ಸಪೋರ್ಟ್ 2024ರ ಜೂನ್ 30ಕ್ಕ ಮುಗದು ಹೋಗೇತಿ. ಅದರಾಗ ಮೇಲ್ ಕಳಿಸೂ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ 2.10, ಅಂದ್ರ 2013ರ ಪೈಕಿ. ಗುಪ್ತಲಿಪಿ ಕೆಲಸದ ಓಪನ್‌ಎಸ್‌ಎಸ್‌ಎಲ್ 1.0.2, ಸಂಪರ್ಕ ಕಾಯೂ ಹೊಸ ಪದ್ಧತಿ ಟಿಎಲ್‌ಎಸ್ 1.3 ಅದಕ್ಕ ಬರೂದ ಇಲ್ಲ. ಇಷ್ಟು ದಿನ ಒಬ್ರೂ ಕೇಳಿಲ್ಲ.

ಹೊಸಾದು ಹಾಕೂನು ಅಂದ್ವಿ. ಅಲ್ಲಿ ಸಿಸ್ಟಮ್ ನೋಡೂ ಹುಡುಗ ಪೆನ್‌ಡ್ರೈವ್ ರೆಡಿ ಮಾಡಿಟ್ಟಿದ್ದ. ಏನೈತಿ ತಮ್ಮಾ ಅದರಾಗ? "ಫೆಡೋರಾ ರೀ ಸರ್, ಎಲ್ಲಾದ್ರಕಿಂತ ಲೇಟೆಸ್ಟ್." ಫೆಡೋರಾನೂ ಒಂದು ಲಿನಕ್ಸ, ಆರಾರು ತಿಂಗಳಿಗೆ ಒಂದು ಬರ್ತೈತಿ, ಒಂದೊಂದಕ್ಕ ಸಪೋರ್ಟ್ ಸುಮಾರು 13 ತಿಂಗಳು. ಲ್ಯಾಪ್‌ಟಾಪಿಗೆ ಛಲೋ, ನಾನೂ ಬಳಸ್ತೀನಿ. ಆದ್ರ ಟೇಬಲ್ ಕೆಳಗ ಇಟ್ಟು ಮರತುಬಿಡೂ ಮೇಲ್ ಸರ್ವರಿಗೆ? ನಮ್ಮ ಕಡೆ ಎತ್ತು ಕೊಳ್ಳೂಮುಂದ ಬಾಯಿ ತಗದು ಹಲ್ಲ ನೋಡ್ತಾರ, ಇನ್ನ ಎಷ್ಟು ವರ್ಷ ದುಡೀತೈತಿ ಅಂತ. ಸರ್ವರ್ ಹಾಕೂಮುಂದ ಅದೊಂದ ಪ್ರಶ್ನೆ ಯಾರಿಗೂ ಬರಂಗಿಲ್ಲ! ಎಷ್ಟು ವರ್ಷ ಪ್ಯಾಚ್ (ತೂತು ಮುಚ್ಚೂ ತಿದ್ದುಪಡಿ) ಬರ್ತೈತಿ, ಆಮ್ಯಾಲ ಮುಂದಿನ ವರ್ಶನ್ನಿಗೆ ಇದ್ದಲ್ಲೇ ಹೋಗಾಕ ಆಗ್ತದೋ ಇಲ್ಲಾ ಎಲ್ಲಾ ಅಳಿಸಿ ಮೊದಲಿಂದ ಹಾಕಬೇಕೋ, ಇಷ್ಟ ಕೇಳ್ರಿ.

ನಾನೂ ಇದರಾಗ ಪೆಟ್ಟು ತಿಂದಾವ. 2020ರಾಗ ಒಬ್ಬರಿಗೆ ಸೆಂಟ್‌ಓಎಸ್ 8 ಹಾಕಿ, 2029ರ ತನಕ ಚಿಂತಿ ಬ್ಯಾಡ್ರಿ ಅಂತ ಮಾತು ಕೊಟ್ಟಿದ್ದೆ. ಅದೇ ಡಿಸೆಂಬರ್‌ದಾಗ ಘೋಷಣೆ ಆತು, 2021ರ ಡಿಸೆಂಬರ್ 31ಕ್ಕ ಮುಕ್ತಾಯ ಅಂತ. ಕೊಟ್ಟ ಮಾತು ತಪ್ಪಿತು, ಅವರ ಮುಂದ ಹೋಗಿ ನಿಲ್ಲಾಕ ಆಗಲಿಲ್ಲ. ಅದರ ಜಾಗಾಕ್ಕ ಆಲ್ಮಾಲಿನಕ್ಸ್, ರಾಕಿ ಆಮ್ಯಾಲ ಬಂದ್ವು, ಛಲೋನೂ ಅದಾವ, ಆದ್ರ ನನ್ನ ಮನಸ ಡೆಬಿಯನ್ ಅನ್ನೂ ಲಿನಕ್ಸ್ ಮ್ಯಾಲ ಕುಂತುಬಿಟ್ಟಿತ್ತು. ಅದು 1993ರಿಂದ ನಡದದ್ದು, ಯಾವ ಕಂಪನಿ ಸ್ವತ್ತೂ ಅಲ್ಲ. ಒಂದು ವರ್ಶನ್ನಿಗೆ ಮೂರು ವರ್ಷ, ಎಲ್‌ಟಿಎಸ್ (ಹೆಚ್ಚಿನ ದಿನದ ಸಪೋರ್ಟ್) ಹಿಡದ್ರ ಐದು. ನನ್ನ ಕೈಯಾಗಿನ ಒಂದು ಸರ್ವರ್ 9ರಿಂದ 10, 11, 12 ಅಂತ ಇದ್ದಲ್ಲೇ ಏರಿ ಬಂದೈತಿ, ಒಂದು ಸಲಾನೂ ಫಾರ್ಮ್ಯಾಟ್ ಮಾಡಿಲ್ಲ. 13ಕ್ಕ ಹೋಗೂಮುಂದ ಮೇಲ್‌ಬಾಕ್ಸ್ ನೋಡಿಕೊಳ್ಳೂ ಸಾಫ್ಟ್‌ವೇರ್ ಡೌಕಾಟ್ 2.4 ಬಂತು, ಹಳೇ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ತಗೊಳ್ಳಲಿಲ್ಲ, ಒಂದು ಭಾನುವಾರ ಪೂರಾ ಅದಕ್ಕ ಹೋತು. ಆದ್ರ ಅದು ರಿಲೀಸ್ ನೋಟ್ಸಿನ್ಯಾಗ ಮೊದಲ ಬರದಿದ್ರು.

ಈಗ ಗೆಳ್ಯಾರು ಕೇಳ್ತೀರಿ ಅಂತ ಗೊತ್ತೈತಿ, ಸೇಫ್ಟಿ ಅಂದ್ರ ಓಪನ್‌ಬಿಎಸ್‌ಡಿ ಅನ್ನೂ ಓಎಸ್ ಹಾಕಬೇಕಲ್ಲಪಾ, ಮೇಲ್ ಕಳಿಸೂ ಓಪನ್‌ಎಸ್‌ಎಂಟಿಪಿಡಿ ಅದರದ ಐತಲ್ಲಾ ಅಂತ. ಅದರ ಕಾನ್ಫಿಗ್ ಓದಿದ್ರ ಖುಷಿ ಆಗ್ತದ, ಖರೇನ. ಆದ್ರ ಅದಕ್ಕೂ ಆರು ತಿಂಗಳಿಗೊಮ್ಮೆ ಹೊಸ ರಿಲೀಸ್, ಪ್ಯಾಚ್ ಬರೂದು ಕಡೀ ಎರಡಕ್ಕಷ್ಟ. 2020ರ ಜನವರಿಯಾಗ ಅದರ ಓಪನ್‌ಎಸ್‌ಎಂಟಿಪಿಡಿಯೊಳಗ ದೊಡ್ಡ ತೂತು ಸಿಕ್ಕಿತ್ತು. ತೂತು ಎಲ್ಲಾದ್ರಾಗೂ ಇರ್ತಾವ, ಅದನ್ನ ಮುಚ್ಚೂ ಮನಷ್ಯಾ ಊರಾಗ ಇರಬೇಕು. ನಾ ಊರಾಗ ಇಲ್ಲದಾಗ ಉದ್ಯಮಬಾಗದಾಗ ಓಪನ್‌ಬಿಎಸ್‌ಡಿ ಬಲ್ಲವ್ರನ್ನ ಎಲ್ಲಿಂದ ತರೂದು? ಡೆಬಿಯನ್ ಗೊತ್ತಿದ್ದ ನಾಕು ಹುಡುಗ್ರು ಸಿಗ್ತಾರ. ಮೇಲ್ ಐಡಿಗಿಷ್ಟು ಅಂತ ತಿಂಗಳಾ ರೊಕ್ಕ ಕೊಟ್ಟು ಬ್ಯಾರೆಯವರ ಮೇಲ್ ತಗೋರಿ ಅನ್ನೋರಿಗೆ, ಆ ಮಾಲಕರ ಕಡೆ 40 ಐಡಿ ಅದಾವ, ಲೆಕ್ಕ ಹಾಕಿ ನೋಡ್ರಿ.

ಆ ಹುಡುಗಗ ಬೈದಿಲ್ಲ, ಅಂವಗ ಯಾರೂ ಹೇಳಿಕೊಟ್ಟಿಲ್ಲ. ಪೆನ್‌ಡ್ರೈವ್ ವಾಪಸ್ ಕೊಟ್ಟೆ. ಭಾನುವಾರ ಮುಂಜಾನೆ ಎಂಟಕ್ಕ ಬಾ, ಮೊದಲ ಮೇಲ್‌ಬಾಕ್ಸ್ ಎಲ್ಲಾ ಬ್ಯಾಕಪ್ ತಗೊಳ್ಳೂನು, ಡೆಬಿಯನ್ 13ರ ರಿಲೀಸ್ ನೋಟ್ಸ್ ಪೂರಾ ಓದ್ಕೊಂಡ ಬಾ ತಮ್ಮಾ ಅಂದೀನಿ. ರಾತ್ರಿ ಹತ್ತಕ್ಕ ಅಂವಂದ ಮೆಸೇಜ್ ಬಂತು: "ಸರ್, ಡೌಕಾಟ್ ಬಗ್ಗೆ ಬರದಾರ್ರಿ, ಅದೇನ್ರಿ?"